ನಾಲ್ಕು ಗೆರೆಯ ಹಾಡು

ನಸುಕಿನಲ್ಲಿ ಹುಟಗಿ ಕಡೆಯ ಗಾಡಿ ಹೋದ ಮೇಲೆ ವಿಜಾಪುರದ ನಮ್ಮ ರೈಲ್ವೆ ಚಾಳಿನಲ್ಲಿ ಬೀಸುಕಲ್ಲಿನ ಸದ್ದು ಶುರುವಾಗುತ್ತಿತ್ತು. ಆರು ಮನೆ, ಆರು ಬೀಸುಕಲ್ಲು. ಊರೊಳಗೆ ಗಿರಣಿ ಇತ್ತು. ಆದರೆ ಗಿರಣಿಗೆ ಹಾಕಿದ ಜೋಳದ ಹಿಟ್ಟು ಕಾದು ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ ಎಂಬುದು ಚಾಳಿನ ಅವ್ವಂದಿರ ಮಾತು. ಐದು ಮನೆಯ ಹೆಂಗಸರು ಮಲ್ಲಯ್ಯನ ಮೇಲೆ, ತವರಿನ ಮೇಲೆ, ಬಾರದ ಮಳೆಯ ಮೇಲೆ ಹಾಡುತ್ತ ಬೀಸುತ್ತಿದ್ದರು. ಆರನೆಯ ಮನೆಯಲ್ಲಿ ನನ್ನವ್ವ ಅದೇ ಗೂಟ ಹಿಡಿದು 'ತಾಂತುಮ್ ಎರ್ಗೊ' ಹಾಡುತ್ತಿದ್ದಳು. ಸಂತ ತೋಮಸ್ ಅಕ್ವಿನಾಸರು 1264ರ ಸುಮಾರಿಗೆ ಪರಮಪ್ರಸಾದದ ಹಬ್ಬಕ್ಕೆಂದು ಲ್ಯಾಟಿನ್ನಿನಲ್ಲಿ ಬರೆದ ದೊಡ್ಡ ಸ್ತೋತ್ರವೊಂದರ ಕೊನೆಯ ಎರಡು ನುಡಿ ಅವು. ಬರೆದವರು ಯಾರೆಂದು ಅವ್ವನಿಗೆ ಗೊತ್ತಿರಲಿಲ್ಲ, ಒಂದು ಶಬ್ದದ ಅರ್ಥವೂ ಗೊತ್ತಿರಲಿಲ್ಲ. ಕಲ್ಲು ಒಂದು ಸುತ್ತು ಬರುವುದಕ್ಕೂ ಹಾಡಿನ ಅರ್ಧ ಸಾಲು ಮುಗಿಯುವುದಕ್ಕೂ ಸರಿಹೋಗುತ್ತಿತ್ತು.

ಪಕ್ಕದ ಮನೆಯ ಪಾಯಿಂಟ್ಸ್‌ಮನ್ ಕಾಕಾ ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಪೇಟಿ ಬಾರಿಸಿದವರು. ಒಂದು ದಿನ ಬಾಯಲ್ಲಿ ಬೇವಿನ ಕಡ್ಡಿ ಹಿಡಿದುಕೊಂಡೇ ನಮ್ಮ ಬಾಗಿಲಲ್ಲಿ ನಿಂತರು. "ವೈನೀ, ನಿಮ್ಮ ಇಂಗ್ರೇಜಿ ಪದಾ ಭೈರವಿ ಐತಿ ನೋಡ್ರಿ." ಅವ್ವ ಸೆರಗು ಎಳೆದುಕೊಂಡು, "ಇಂಗ್ರೇಜಿ ಅಲ್ರೀ ಅದು, ದೇವರ ಭಾಷಾ" ಅಂದಳು. ಕಾಕಾ ತಲೆ ಅಲ್ಲಾಡಿಸಿ, "ಯಾ ಭಾಷಾನೇ ಇರ್ಲಿ, ಸ್ವರಾ ಭೈರವೀವು" ಎಂದು ಹೊರಟುಹೋದರು. ಅವರ ಕಿವಿ ಎಷ್ಟು ಖರೆ ಇತ್ತೆಂದು ನನಗೆ ತಿಳಿಯಲು ಇನ್ನೂ ಮೂರು ವರ್ಷ ಬೇಕಾಯಿತು.

ಅವ್ವನ ತವರು ರಾಯಚೂರು ಜಿಲ್ಲೆಯ ಮುದಗಲ್ಲ. ಕೋಟೆಯಿರುವ ಆ ಊರಿನಲ್ಲಿ ಆದಿಲಶಾಹಿ ಕಾಲದಿಂದಲೂ ಕ್ಯಾಥೊಲಿಕರಿದ್ದಾರೆ. ಗೋವೆಯಿಂದ ಬಂದ ಗುರುಗಳು, ವಿಜಾಪುರದ ಸುಲ್ತಾನರು ಬಿಟ್ಟುಕೊಟ್ಟ ಭೂಮಿ, ನಡುವೆ ಕನ್ನಡ ಆಡುವ ಒಂದು ಸಣ್ಣ ಸಭೆ. ಮೊಹರಮ್ಮಿಗೆ ನಾಡಿನಲ್ಲೇ ಹೆಸರಾದ ಊರೂ ಅದೇ. ಹಾಗಾಗಿ ಅವ್ವನ ಗಂಟಲಿನಲ್ಲಿ ಎರಡು ಹಾಡು ಬೆಳೆದಿದ್ದವು: ಇಗರ್ಜಿಯ ಲ್ಯಾಟಿನ್ನು, ಅಲಾವಿ ಕುಣಿಯ ಸುತ್ತ ಕೇಳಿದ ರಿವಾಯತ ಪದಗಳು. ಎರಡನ್ನೂ ಅವಳು ಒಂದೇ ದನಿಯಲ್ಲಿ, ಮೂಗು ಒತ್ತದೆ, ಅಲುಗಿಸದೆ, ನೀರು ಹೊಯ್ದ ಹಾಗೆ ಹಾಡುತ್ತಿದ್ದಳು. ನಮಗೂ ಮುಸಲ್ಮಾನರಿಗೂ ದೇವರು ಸತ್ತ ಹಬ್ಬವೊಂದಿದೆ, ಶುಭ ಶುಕ್ರವಾರ ನಮಗೆ, ಕತಲ್ ರಾತ್ರಿ ಅವರಿಗೆ, ಎಂದು ಬಾಲ್ಯದಲ್ಲಿ ನಾನು ತಿಳಿದುಕೊಂಡಿದ್ದೆ. ಇಮಾಮರು ದೇವರಲ್ಲ ಎಂದು ಆಮೇಲೆ ತಿದ್ದಿಕೊಂಡೆ. ಆದರೆ ಹಾಡಿನ ಅಳು ಒಂದೇ ಅನ್ನುವುದನ್ನು ತಿದ್ದಿಕೊಳ್ಳುವ ಕಾರಣ ಇವತ್ತಿಗೂ ಸಿಕ್ಕಿಲ್ಲ.

ಗದಗ–ಹುಟಗಿ ಮೀಟರ್‌ಗೇಜ್ ಹಳಿ 1884ರಲ್ಲಿ ಬಿದ್ದ ಮೇಲೆ ನಮ್ಮೂರಿಗೆ ಬೇರೆ ಬೇರೆ ಸೀಮೆಯ ಮಂದಿ ಬಂದು ಸೇರಿಕೊಂಡರು. ನನ್ನ ಬಾಲ್ಯದ ಭಾನುವಾರದ ಪೂಜೆಗೆ ಕೂಡುತ್ತಿದ್ದ ಮೂವತ್ತು ನಲವತ್ತು ಜನರಲ್ಲಿ ಕೊಂಕಣಿಯವರು, ತಮಿಳರು, ಮಂಗಳೂರಿನವರು, ನಮ್ಮಂಥ ಕನ್ನಡದವರು, ಎಲ್ಲ ಇದ್ದರು. ಇಷ್ಟು ಜನಕ್ಕೂ ಸೇರಿ ಇದ್ದ ಒಂದು ಮಾತೆಂದರೆ ಲ್ಯಾಟಿನ್. ಅದು ಯಾರ ಮಾತೂ ಅಲ್ಲ ಎಂಬುದೇ ಅದರ ಅನುಕೂಲ. ಅದೇ ಊರಿನಲ್ಲಿ ಬಾಸೆಲ್ ಮಿಶನ್ನಿನವರು 1885ರಿಂದ ಇದ್ದರು. ಅವರ ಗುಡಿಯಲ್ಲಿ ಜರ್ಮನ್ ರಾಗಕ್ಕೆ ಕನ್ನಡ ಹಾಡು ಕೂಡಿಸಿ ನಮ್ಮಜ್ಜಿಯ ಕಾಲದಿಂದ ಗಟ್ಟಿಯಾಗಿ ಹಾಡುತ್ತಿದ್ದರು. ಅವರ ಮಕ್ಕಳು ಶಾಲೆಯಲ್ಲಿ ನಮ್ಮನ್ನು, "ನಿಮ್ಮ ಹಾಡಿನ ಅರ್ಥಾ ಹೇಳ್ರಿ ನೋಡೋಣು" ಎಂದು ಕೆಣಕುತ್ತಿದ್ದರು. ನಾವು ಸುಮ್ಮನಾಗುತ್ತಿದ್ದೆವು.

ಅರ್ಥ ಗೊತ್ತಿದ್ದವರು ಇಬ್ಬರೇ: ಗುರುಗಳು, ಮತ್ತೆ ಮೇಸ್ತ್ರಿ ಅಜ್ಜಾರು.

ಮೇಸ್ತ್ರಿ ಎಂದಾಗ ನಾನು ಮೊದಲು ಅವರನ್ನು ಕಟ್ಟಡ ಕಟ್ಟುವವರು ಅಂದುಕೊಂಡಿದ್ದೆ. ಗೋವೆಯಲ್ಲಿ ಇಗರ್ಜಿಯ ಹಾಡು ಕಲಿಸುವವರಿಗೆ 'ಮೆಸ್ತ್ರ' ಅನ್ನುತ್ತಾರೆ. ಪೋರ್ಚುಗೀಸ್ ಶಬ್ದ. ಕಲ್ಲು ಕಟ್ಟಿಸುವವನಿಗೂ ಹಾಡು ಕಟ್ಟಿಸುವವನಿಗೂ ಒಂದೇ ಹೆಸರು ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದಿದೆ. ಹಿಂದೆ ಗೋವೆಯ ಪ್ರತಿ ಇಗರ್ಜಿಗೂ ಒಂದು ಶಾಲೆ, ಅಲ್ಲಿ ಬಡವರ ಮಕ್ಕಳಿಗೆ ಸ್ವರ ಓದುವುದು, ಪಿಟೀಲು ಹಿಡಿಯುವುದು, ಲ್ಯಾಟಿನ್ ಹಾಡುವುದು ಕಲಿಸುತ್ತಿದ್ದರು. ಅಲ್ಲಿ ಪಳಗಿದ ಹುಡುಗರೇ ಮುಂದೆ ಮುಂಬಯಿಯ ಸಿನಿಮಾ ವಾದ್ಯಮೇಳಗಳನ್ನು ತುಂಬಿದರು. ಆರ್.ಡಿ. ಬರ್ಮನ್ನರಿಗೂ ಪ್ಯಾರೇಲಾಲರಿಗೂ ಗುರುವಾದ ಆಂಥೊನಿ ಗೊನ್ಸಾಲ್ವಿಸ್ ಮಜೋರ್ಡಾ ಇಗರ್ಜಿಯ ಹಾಡಿನ ಮೇಸ್ತ್ರಿಯ ಮಗ. ನಮ್ಮ ಮೇಸ್ತ್ರಿ ಅಜ್ಜಾರು ಅಷ್ಟು ದೂರ ಹೋಗಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ನಮ್ಮೂರಿಗೆ ಬಂದು, ನಿವೃತ್ತಿಯಾಗಿ, ಸ್ಟೇಷನ್ ಹಿಂದೆ ಒಂದು ಕೋಣೆ ಹಿಡಿದು ಉಳಿದುಬಿಟ್ಟರು. ಮೂವತ್ತು ವರ್ಷದಲ್ಲಿ ಅವರ ಕನ್ನಡ ನಮ್ಮ ಕನ್ನಡವೇ ಆಗಿತ್ತು. ಸಿಟ್ಟು ಬಂದಾಗ ಮಾತ್ರ ಕೊಂಕಣಿ.

ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಅವ್ವ ಅವರ ಮುಂದೆ ಒಯ್ದು ನಿಲ್ಲಿಸಿದಳು. ಅಜ್ಜಾರು ಸ್ವಲ್ಪ ಹೊತ್ತು ಯೋಚಿಸಿದರು. ಪೂಜೆಯ ಮೇಳದಲ್ಲಿ ಹೆಂಗಸರು ಹಾಡಬಾರದೆಂದು ಹತ್ತನೆಯ ಪಿಯುಸ್ ಪೋಪರು 1903ರಲ್ಲಿ ಬರೆದಿದ್ದರು. ಆ ಕಟ್ಟು 1958ರ ಹೊತ್ತಿಗೆ ಸಡಿಲವಾಗಿತ್ತು, ಆದರೆ ಅಜ್ಜಾರು ಹಳೆಯ ಶಾಲೆಯವರು. ಕೊನೆಗೆ, "ಹಾಡು ಆಮ್ಯಾಗ. ಮದಲ ಓದಾಕ ಕಲೀಲಿ. ಓದಬ್ಯಾಡಂತ ಯಾ ಪೋಪೂ ಹೇಳಿಲ್ಲ" ಅಂದರು. ಎಂಟುನೂರು ವರ್ಷದ ಹಿಂದೆ ಜರ್ಮನಿಯ ಕನ್ಯಾಮಠವೊಂದರಲ್ಲಿ ಬಿಂಗೆನ್ನಿನ ಹಿಲ್ಡೆಗಾರ್ಡ್ ಎಂಬ ಮಠಾಧಿಕಾರಿಣಿ ತಾನೇ ಹಾಡು ಕಟ್ಟಿ ತನ್ನ ಸೋದರಿಯರಿಂದ ಹಾಡಿಸಿದ್ದಳೆಂದು ಬಹಳ ವರ್ಷಗಳ ಮೇಲೆ ಓದಿದಾಗ ಅವ್ವನಿಗೆ ಅದನ್ನು ಹೇಳಬೇಕೆನಿಸಿತು. ಆಗ ಅವ್ವ ಇರಲಿಲ್ಲ.

ಅಜ್ಜಾರ ಬಳಿ ಒಂದು ಪುಸ್ತಕವಿತ್ತು. ರೈಲ್ವೆಯ ಕಂದೀಲಿಗೆ ಹೊದಿಸುವಂಥ ಮೇಣಗಪಟದಲ್ಲಿ ಸುತ್ತಿಟ್ಟ, ಇಟ್ಟಿಗೆಯಷ್ಟು ದಪ್ಪನೆಯ 'ಲಿಬೆರ್ ಉಸುವಾಲಿಸ್'. ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು ವರ್ಷವಿಡೀ ಬೇಕಾಗುವ ಹಾಡುಗಳನ್ನೆಲ್ಲ ಒಂದೆಡೆ ಕೂಡಿಸಿ 1896ರಲ್ಲಿ ಮೊದಲು ಅಚ್ಚು ಹಾಕಿಸಿದ್ದು. ಪುಟ ತೆರೆದರೆ ಐದು ಗೆರೆ ಇಲ್ಲ, ನಾಲ್ಕೇ. ಗುಂಡು ಸ್ವರ ಇಲ್ಲ, ಸಣ್ಣ ಸಣ್ಣ ಚೌಕ. ಕರಿ ಎಳ್ಳನ್ನು ದಾರಕ್ಕೆ ಅಂಟಿಸಿದ ಹಾಗೆ. ಆ ಗೆರೆಯ ಲೆಕ್ಕ ಸಾವಿರ ವರ್ಷದ ಹಿಂದೆ ಅರೆತ್ಸೊದ ಗ್ವಿದೊ ಎಂಬ ಸನ್ಯಾಸಿ ಹಾಕಿಕೊಟ್ಟದ್ದು. ಸ್ನಾನಿಕ ಯೊವಾನ್ನರ ಸ್ತೋತ್ರವೊಂದರ ಸಾಲಿನ ಮೊದಲಕ್ಷರಗಳನ್ನೆತ್ತಿ ಉತ್, ರೆ, ಮಿ, ಫಾ, ಸೊಲ್, ಲಾ ಎಂದು ಸ್ವರಗಳಿಗೆ ಹೆಸರಿಟ್ಟವನೂ ಅವನೇ. "ನಿಮ್ಮ ಸಾ ಎಲ್ಲಿ ಬೇಕಾದ್ರೂ ಕುಂಡ್ರತೈತಲ್ಲ, ಹಂಗ ನಮ್ಮ ಉತ್, ಅಂದ್ರ ದೋನೂ ಕುಂಡ್ರತೈತಿ. ಗಂಟಲಕ್ಕ ಎಲ್ಲಿ ಹಿತಾ ಅಲ್ಲಿ" ಎಂದು ಅಜ್ಜಾರು ಶುರುಮಾಡಿದರು. ಎಂಟು ಮೇಳಗಳನ್ನು, ಅಂದರೆ ನಮ್ಮ ಥಾಟಿನಂಥ ಸ್ವರಕಟ್ಟುಗಳನ್ನು, ಒಂದೊಂದಾಗಿ ಹಾಡಿ ತೋರಿಸಿದರು. ಮೊದಲನೆಯದು ಹೆಚ್ಚುಕಡಿಮೆ ನಮ್ಮ ಕಾಫಿ. ಎಂಟನೆಯದು ಖಮಾಜದ ಸ್ವರ. ಮೂರನೆಯದಕ್ಕೆ ಬಂದಾಗ ನಾನು ತಡೆಯಲಾರದೆ, "ಅಜ್ಜಾರ, ಇದು ಅವ್ವ ಬೀಸೂವಾಗ ಹಾಡೋದು" ಅಂದೆ. 'ತಾಂತುಮ್ ಎರ್ಗೊ' ಮೂರನೆಯ ಮೇಳದ್ದು, ಅದರ ಸ್ವರಗಳು ಭೈರವಿ ಥಾಟಿನವೇ. ಪಾಯಿಂಟ್ಸ್‌ಮನ್ ಕಾಕಾ ಬೇವಿನ ಕಡ್ಡಿ ಕಚ್ಚಿಕೊಂಡು ಹೇಳಿದ್ದು ಸುಳ್ಳಾಗಿರಲಿಲ್ಲ.

1966ರ ಚಳಿಗಾಲದಲ್ಲಿ ಒಂದು ದಿನ ಬೆಳಗಾಗುವ ಮೊದಲೇ ಅಜ್ಜಾರು ಹಾಡು ಕಲಿಯುತ್ತಿದ್ದ ನಮ್ಮ ಮೂವರನ್ನು ಗೋಳಗುಮ್ಮಟಕ್ಕೆ ಕರೆದೊಯ್ದರು. ಬಾಗಿಲಲ್ಲಿ ಟೋಪಿ ತೆಗೆದು, ಒಳಗೆ ಮಲಗಿದ ಮುಹಮ್ಮದ್ ಆದಿಲಶಾಹನ ಗೋರಿಗೆ ತಲೆ ಬಾಗಿಸಿ, ಕಾವಲುಗಾರನನ್ನು ಕೇಳಿದರು: "ಎರಡು ಸಾಲು ಹಾಡಲೇನಪಾ?" ಅವನು, "ಹಾಡ್ರಿ ಅಜ್ಜಾರ. ಚೀರಬ್ಯಾಡ್ರಿ ಅಷ್ಟ" ಅಂದ. ಮೂಲೆಯ ಮಿನಾರಿನ ಏಳು ಅಂತಸ್ತು ಸುತ್ತುಮೆಟ್ಟಿಲು ಹತ್ತಿ ಗುಮ್ಮಟದ ಒಳಗ್ಯಾಲರಿಗೆ ಬಂದಾಗ ಅಜ್ಜಾರಿಗೆ ಉಸಿರು ಹತ್ತಿತ್ತು. ಬಹಳ ಹೊತ್ತು ಕೂತರು. ಪಾರಿವಾಳಗಳ ರೆಕ್ಕೆಯ ಸದ್ದೇ ಅಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಗ್ರೆಗೊರಿ ಪೋಪರ ಕಿವಿಯಲ್ಲಿ ಪವಿತ್ರಾತ್ಮ ಪಾರಿವಾಳವಾಗಿ ಬಂದು ಈ ಹಾಡುಗಳನ್ನೆಲ್ಲ ಹೇಳಿಕೊಟ್ಟಿತು, ಅದಕ್ಕೇ ಗ್ರೆಗೊರಿಯನ್ ಅನ್ನುವುದು ಎಂಬ ಕತೆಯನ್ನು ಆವತ್ತು ಹೇಳಿದರು. ಗ್ರೆಗೊರಿ ತೀರಿಕೊಂಡದ್ದು 604ರಲ್ಲಿ. ಈ ಗಾಯನ ಈಗಿನ ರೂಪಕ್ಕೆ ಬಂದದ್ದು ಅವರಾಗಿ ನೂರೈವತ್ತು ಇನ್ನೂರು ವರ್ಷಕ್ಕೆ, ಫ್ರಾಂಕ್ ದೊರೆಗಳ ನಾಡಿನಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಆದರೆ ಆ ಗುಮ್ಮಟದಡಿ ಆ ಹೊತ್ತಿನಲ್ಲಿ ಪಾರಿವಾಳದ ಕತೆ ನಂಬದೆ ಇರಲು ನನ್ನಿಂದ ಆಗಲಿಲ್ಲ.

ಆಮೇಲೆ ಅಜ್ಜಾರು ಎದ್ದು ನಿಂತು ಪೂಜೆಯ 'ಕೀರಿಯೆ' ಪ್ರಾರ್ಥನೆಯ ಮೊದಲ ತುಣುಕು ಹಾಡಿದರು. ಮಗುವಿಗೆ ನಿದ್ದೆ ಬರಿಸುವಷ್ಟೇ ದನಿ. ಅದು ಎದುರಿನ ಗೋಡೆಗೆ ಹೋಯಿತು, ಬಂತು, ಮತ್ತೆ ಹೋಯಿತು, ಸುತ್ತ ತಿರುಗಿತು. ಒಬ್ಬ ಮುದುಕನ ದನಿ ಒಂದು ಮಠದ ದನಿಯಾಯಿತು. ನಾನು ಮುಂದಿನ ತುಣುಕಿಗೆ ಬಾಯಿ ತೆರೆದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ತಡೆದರು. ಕೊನೆಯ ಎಳೆ ಕಲ್ಲಿನಲ್ಲಿ ಇಂಗುವವರೆಗೂ ಆ ಕೈ ತೆಗೆಯಲಿಲ್ಲ. "ಕಾಯಬೇಕು ತಂಗಿ. ಹಾಡಿದ್ದು ಹೋಗಿ ಮುಟ್ಟಬೇಕಲ್ಲ." ಇಂಥ ಕಲ್ಲಿನ ಕಟ್ಟಡಗಳಲ್ಲಿ ಹುಟ್ಟಿದ ಹಾಡು ಅದು. ತಾಳವಿಲ್ಲ, ವಾದ್ಯವಿಲ್ಲ, ಎಲ್ಲರಿಗೂ ಒಂದೇ ಸ್ವರಸಾಲು, ನಡುನಡುವೆ ಉಸಿರಿನ ಜಾಗ. ಬೇರೇನು ಸೇರಿಸಿದರೂ ಅಲ್ಲಿ ಕಲಸುಮೇಲೋಗರವಾಗುತ್ತದೆ.

ಅಷ್ಟು ಹೊತ್ತಿಗೆ ಕಾಲ ತಿರುಗಿತ್ತು. 1964ರ ಡಿಸೆಂಬರಿನಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಆರನೆಯ ಪಾಲ್ ಪೋಪರು ಬಂದಾಗ ಅಪ್ಪ ಮತ್ತು ಮೇಸ್ತ್ರಿ ಅಜ್ಜಾರು ರೈಲ್ವೆ ಪಾಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ದೊಡ್ಡ ಗಾಡಿ ಹತ್ತಿ ಮುಂಬಯಿ ಸೇರಿದ್ದರು. ಅಪ್ಪನಿಗೆ ನೆನಪುಳಿದದ್ದು ಜನಸಾಗರ. ಅಜ್ಜಾರಿಗೆ, ಗುರುತಿಲ್ಲದ ಮಂದಿಯ ನಡುವೆ ನಿಂತು ಲ್ಯಾಟಿನ್ ಹಾಡಿದಾಗ ಅಕ್ಕಪಕ್ಕದವರಿಗೂ ಬಾಯಿಪಾಠ ಬರುತ್ತಿದ್ದದ್ದು. ಅದಕ್ಕೆ ಒಂದು ವರ್ಷ ಮೊದಲೇ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಸಭೆ ಪೂಜೆಯಲ್ಲಿ ಜನರ ನುಡಿಗೆ ಬಾಗಿಲು ತೆರೆದಿತ್ತು. ಕನ್ನಡ ಬಂತು. ಅವ್ವ ಮೊದಲ ಸಲ ಪೂಜೆಯ ಮಾತುಗಳನ್ನು ಕನ್ನಡದಲ್ಲಿ ಕೇಳಿದ ಭಾನುವಾರ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. "ಇಷ್ಟ್ ದಿನಾ ಇದನ್ನ ಹೇಳತಿದ್ರೇನ?" ಅದು ಸಂತೋಷದ ಅಳು. ಲ್ಯಾಟಿನ್ ಹೋಯಿತೆಂದು ಮರುಗುವವರ ಜೊತೆ ನಾನು ಸೇರುವುದಿಲ್ಲ. ಆ ಒಲೆಯ ಮುಂದಿನ ಮುಖ ನೋಡಿದವರು ಯಾರೂ ಸೇರಲಾರರು.

ಆದರೆ ಅದೇ ಸಭೆಯ ಅದೇ ಕಟ್ಟಳೆಯಲ್ಲಿ ಗ್ರೆಗೊರಿಯನ್ ಗಾಯನಕ್ಕೆ ಮೊದಲ ಮಣೆ ಎಂದೂ ಬರೆದಿತ್ತು. ಅಜ್ಜಾರು ಎರಡನ್ನೂ ಒಟ್ಟಿಗೆ ಹಿಡಿಯಲು ನೋಡಿದರು. ಕೀರ್ತನೆಗಳನ್ನು ಹಾಡುವ ಹಳೆಯ ಅಚ್ಚಿನಲ್ಲಿ ಕನ್ನಡ ಕೂಡಿಸುವ ಕೆಲಸಕ್ಕೆ ಕೂತರು. ಆ ಅಚ್ಚು ಬಹಳ ಸರಳ. ಸಾಲಿನ ಶುರುವಿಗೆ ದನಿ ಎರಡು ಮೆಟ್ಟಿಲು ಹತ್ತುತ್ತದೆ. ಆಮೇಲೆ ಎಷ್ಟೇ ಶಬ್ದ ಇರಲಿ ಒಂದೇ ಸ್ವರದ ಮೇಲೆ ನಡೆಯುತ್ತದೆ. ಅರ್ಧಕ್ಕೆ ಬಂದಾಗ ಸಣ್ಣ ತಿರುವು, ಒಂದು ಉಸಿರು. ಮತ್ತೆ ಅದೇ ಸ್ವರ, ಕೊನೆಗೆ ಇಳಿತ. ಲ್ಯಾಟಿನ್ನಿನಲ್ಲಿ ಶಬ್ದದ ಒತ್ತು ಕೊನೆಯಿಂದ ಎರಡನೆಯ ಇಲ್ಲವೇ ಮೂರನೆಯ ಅಕ್ಷರಕ್ಕೆ ಬೀಳುವುದರಿಂದ ಇಳಿತವನ್ನು ಅದಕ್ಕೆ ಹೊಂದಿಸಿದ್ದಾರೆ. ಕನ್ನಡದಲ್ಲಿ ಒತ್ತು ಶಬ್ದದ ಮೊದಲಿಗೆ. ಅದೂ ಅಲ್ಲದೆ ನಮ್ಮ ವಾಕ್ಯದ ಕೊನೆಯಲ್ಲಿ ನಿಲ್ಲುವುದು ಕ್ರಿಯಾಪದ, ಅದರ ಬಾಲಕ್ಕೆ ನು, ಳು, ರು, ತ್ತದೆ. ಲ್ಯಾಟಿನ್ ಅಚ್ಚಿಗೆ ಹಾಕಿದರೆ ಈ ಬಾಲವೇ ಉದ್ದವಾಗಿ ಎಳೆದುಕೊಂಡು ಮುಖ್ಯ ಮಾತು ನುಂಗಿಹೋಗುತ್ತದೆ.

ಅಜ್ಜಾರಿಗೆ ಇದು ಮೊದಲ ವಾರದಲ್ಲೇ ತಿಳಿಯಿತು. ಪವಿತ್ರ ಗ್ರಂಥದ ಮಾತಿನ ಮೇಲೆ ಪ್ರಯೋಗ ಮಾಡುವುದು ಬೇಡವೆಂದು ಅವರು ನಮಗೆ ಹಾಡಲು ಕೊಟ್ಟ ವಾಕ್ಯ ಇದು: "ನಾಳೆ ತಿಕೋಟಾ ಸಂತೆಗೆ ಹೋಗಬೇಕು." ಒಂದೇ ಸ್ವರದಲ್ಲಿ ಹಾಡಿಸುವರು, ಕೊನೆಗೆ ಇಳಿಸುವರು, "ಬೇಕೂ" ಎಂದು ಉದ್ದವಾದಾಗ ಕೈ ಬೀಸುವರು. "ಅಲ್ಲ, ಅಲ್ಲ! ಹೀಂಗ ಯಾರ ಮಾತಾಡ್ತಾರ?" ಮತ್ತೆ. ಮತ್ತೆ. ಕೋಣೆಯ ಮುಂದೆ ಹೋಗುವವರು ನಿಂತು ನೋಡುತ್ತಿದ್ದರು. ಸಂತೆಗೆ ಹೋಗುವ ವಾಕ್ಯವನ್ನು ಲಿಬೆರ್ ಉಸುವಾಲಿಸ್ ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳು ಹಾಡಿದೆವು. ಕೊನೆಗೊಂದು ಸಂಜೆ ಅವರು ಪುಸ್ತಕ ಮುಚ್ಚಿ, "ನನಗ ಆಗೂದಿಲ್ಲ. ನನ್ನ ಕನ್ನಡ ಕಲತ ಕನ್ನಡ. ಹುಟ್ಟಿದ ಕನ್ನಡದವ್ರು ಮಾಡಬೇಕಿದನ್ನ. ನೀ ಮಂದಿ ಮಾತಾಡೂದು ಕೇಳಕೋತ ಇರು" ಅಂದರು.

ನಾನು ಕೇಳಿಸಿಕೊಳ್ಳಲಿಲ್ಲ. ಹದಿನಾರರ ವಯಸ್ಸು, 1972. ನಮ್ಮ ಯುವಕರ ಗುಂಪಿಗೆ ಒಂದು ಗಿಟಾರು, ಒಂದು ಕೊಂಗೊ ಬಂದಿತ್ತು. ಸಿನಿಮಾ ಧಾಟಿಯಲ್ಲಿ ಹಾಡು ಕೂಡಿಸಿದೆವು. ಹುಮ್ಮಸ್ಸಿತ್ತು, ಭಕ್ತಿಯೂ ಇತ್ತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಾಳ ಮುಂದೆ ಓಡುತ್ತಿತ್ತು, ಮಾತು ಅದರ ಹಿಂದೆ ಏದುಸಿರು ಬಿಡುತ್ತ ಬರುತ್ತಿತ್ತು. ಅಜ್ಜಾರು ಒಂದು ಮಾತೂ ಆಡದೆ ಹಿಂದಿನ ಬೆಂಚಿಗೆ ಹೋಗಿ ಕೂತರು. ಆ ಬೇಸಗೆ ಹಾಡಿನ ಸಾಮಾನಿಡುವ ಕೋಣೆ ಸುಣ್ಣ ಹೊಡೆಯಲು ಖಾಲಿ ಮಾಡುವಾಗ ಹಳೆಯ ಪುಸ್ತಕಗಳೆಲ್ಲ ರದ್ದಿಗೆ ಹೋದವು. ತಕ್ಕಡಿಗೆ ಹಾಕಿದವರಲ್ಲಿ ನಾನೂ ಒಬ್ಬಳು. ಮೇಣಗಪಟದ ಗಂಟು ನನ್ನ ಕೈಯಿಂದಲೇ ಹೋಯಿತು. ಅಜ್ಜಾರು ಅದನ್ನು ಮೇಳಕ್ಕೆಂದು ಬಿಟ್ಟುಕೊಟ್ಟಿದ್ದರೆಂದೂ, ಮನೆಯಲ್ಲಿ ಬೇರೆ ಪ್ರತಿ ಇರಲಿಲ್ಲವೆಂದೂ ನನಗೆ ಗೊತ್ತಿತ್ತು.

ಎರಡು ವಾರವಾಗಿರಬಹುದು. ಸ್ಟೇಷನ್ ಮುಂದೆ ಚುರಮರಿ ತೆಗೆದುಕೊಂಡೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಶೇಂಗಾ. ತಿಂದು ಪುಡಿಕೆ ಬಿಚ್ಚಿದರೆ ಎಣ್ಣೆ ಕುಡಿದ ಕಾಗದದ ಮೇಲೆ ನಾಲ್ಕು ಗೆರೆ, ಕರಿ ಎಳ್ಳಿನಂಥ ಚೌಕಗಳು. ಪುಟದ ಕೆಳಗಿನ ಅರ್ಧ. ಗಾಡಿಯವನ ಹತ್ತಿರ ಓಡಿ ಉಳಿದ ಹಾಳೆ ಕೇಳಿದೆ. ಅವನು ಹುಡುಕಿ, ಇದೊಂದೇ ಇತ್ತೆಂದ. ಆ ಕಾಗದ ಒರೆಸಿ, ಪಾಟಿಚೀಲದೊಳಗಿಟ್ಟು, ಅಜ್ಜಾರಿಗೆ ಕೊಡಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. 1974ರಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಪಾಸ್ಖ ಹಬ್ಬಕ್ಕೆ ಆರನೆಯ ಪಾಲ್ ಪೋಪರು, ಪ್ರತಿ ಊರಿನ ಜನಕ್ಕೂ ಬರಬೇಕಾದ ಸುಲಭದ ಲ್ಯಾಟಿನ್ ಹಾಡುಗಳನ್ನು ಆರಿಸಿ 'ಯುಬಿಲಾತೆ ದೇಯೊ' ಎಂಬ ಚಿಕ್ಕ ಪುಸ್ತಕವನ್ನು ಲೋಕದ ಧರ್ಮಾಧ್ಯಕ್ಷರಿಗೆಲ್ಲ ಕಳಿಸಿದ್ದರು. ಅಜ್ಜಾರಿಗೆ ಆ ಸುದ್ದಿ ತಲುಪಿತ್ತೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ.

1978ರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿ ತಿಕೋಟಾ ಶಾಲೆಗೆ ಬಂದೆ. ಅವರ ವಾಕ್ಯದ ಸಂತೆ ನನ್ನ ಕಣ್ಣ ಮುಂದೆಯೇ ಕೂಡುತ್ತಿತ್ತು. ಸಹೋದ್ಯೋಗಿಯೊಬ್ಬರು ಫ.ಗು. ಹಳಕಟ್ಟಿಯವರ ವಚನ ಸಂಪುಟ ಕೊಟ್ಟರು. ನಮ್ಮೂರಿಗೆ ವಕೀಲಿಕೆಗೆಂದು ಬಂದ ಆ ಮನುಷ್ಯ ಹಳ್ಳಿಹಳ್ಳಿಯ ಜಗಲಿಯಿಂದ ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದು, ಅಚ್ಚಿನ ಮನೆಗಾಗಿ ಇದ್ದ ಮನೆ ಮಾರಿದರೆಂದು ಓದಿದಾಗ ನನಗೆ ನೆನಪಾದದ್ದು ಸೊಲೆಮ್ ಮಠ. ಅಲ್ಲಿಯೂ ಸನ್ಯಾಸಿಗಳು ಯುರೋಪಿನ ಗ್ರಂಥಾಲಯಗಳನ್ನೆಲ್ಲ ಸುತ್ತಿ, ಹುಳ ಹಿಡಿದ ಚರ್ಮದ ಹಾಳೆಗಳ ಫೋಟೊ ತೆಗೆದು, ಮರೆತ ಗಾಯನವನ್ನು 1889ರಿಂದ ಸಂಪುಟ ಸ್ವರೂಪದಲ್ಲಿ ಅಚ್ಚು ಹಾಕಿದ್ದರು. ಒಂದು ತಲೆಮಾರು ಎಸೆದದ್ದನ್ನು ಇನ್ನೊಂದು ಬಗ್ಗಿ ಆಯುತ್ತದೆ. ನಾನು ಎಸೆದವರ ಸಾಲಿನಲ್ಲಿದ್ದೆ.

ಎಂಟು ವರ್ಷಕ್ಕೆ ಬಬಲೇಶ್ವರಕ್ಕೆ ವರ್ಗವಾಯಿತು. ಅಲ್ಲಿ ಬಾಡಿಗೆ ಹಿಡಿದ ಮನೆಯ ಆಯಿಗೆ ಎಪ್ಪತ್ತು ದಾಟಿತ್ತು. ಹಿಟ್ಟಿನ ಗಿರಣಿ ಎರಡು ಓಣಿ ಆಚೆ ಇದ್ದರೂ ಆಯಿ ದಿನಾ ಒಂದು ಸೇರು ಜೋಳ ಹಾಡುತ್ತ ಕೈಯಲ್ಲೇ ಬೀಸುತ್ತಿದ್ದಳು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಕೂಡಿಸಿ ಅಚ್ಚು ಹಾಕಿಸಿದರಲ್ಲ, ಆ ಬಳಗದ ತ್ರಿಪದಿಗಳು. ಗೋಡೆಯ ಈಚೆ ಮಲಗಿ ಕೇಳುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ದಡಕ್ಕನೆ ಎದ್ದು ಕೂತೆ. ನಾಲ್ಕೇ ಸ್ವರ. ಶುರುವಿಗೆ ಒಂದು ಏರು. ಆಮೇಲೆ ಒಂದೇ ಸ್ವರದ ಮೇಲೆ ಶಬ್ದಗಳ ನಡಿಗೆ. ನಡುವೆ ಕಲ್ಲು ಎಳೆಯುವ ಉಸಿರು. ಕೊನೆಗೆ ಇಳಿತ. ಆ ಇಳಿತ ಕ್ರಿಯಾಪದದ ಬಾಲಕ್ಕೆ ಕಾಯುತ್ತಿರಲಿಲ್ಲ! ಕ್ರಿಯಾಪದದ ಮೊದಲ ಅಕ್ಷರ ಬಂದ ಕೂಡಲೇ ದನಿ ತಿರುಗಿ, ಅದನ್ನು ತುಸು ಎತ್ತಿ ಹಿಡಿದು, ಉಳಿದ ಅಕ್ಷರಗಳನ್ನೆಲ್ಲ ಹಿಟ್ಟಿನ ಹಾಗೆ ಸುಮ್ಮನೆ ಕೆಳಗೆ ಉದುರಿಸುತ್ತಿತ್ತು. ನಾನು ಮೆಲ್ಲಗೆ ಹಾಡಿ ನೋಡಿದೆ: ನಾಳೆ ತಿಕೋಟಾ ಸಂತೆಗೆ... ಹೋ— ಅಲ್ಲಿ ತಿರುವು. ಗಬೇಕು, ಉದುರಿಹೋಯಿತು. ಇಪ್ಪತ್ತು ವರ್ಷ ಸಿಗದೇ ಇದ್ದದ್ದು ಗೋಡೆಯ ಆಚೆ ಇತ್ತು. ಅದಕ್ಕೂ ಮೊದಲು ಚಾಳಿನಲ್ಲಿ, ನನ್ನವ್ವನ ಅಕ್ಕಪಕ್ಕದ ಐದು ಮನೆಗಳಲ್ಲಿ ಇತ್ತು.

ಆ ವರ್ಷ ಮೊಹರಮ್ಮಿನಲ್ಲಿ ರಿವಾಯತದವರು ಚೌಕದಲ್ಲಿ ನಿಂತಾಗ ಇನ್ನೊಂದನ್ನು ಗಮನಿಸಿದೆ. ಮುಂದಾಳು ಒಂದು ನುಡಿ ಹೇಳುತ್ತಾನೆ, ಅವನ ಕೊನೆಯ ಅಕ್ಷರ ನೆಲಕ್ಕೆ ಬೀಳುವ ಮೊದಲೇ ಹಿಮ್ಮೇಳ ಅದನ್ನು ಹಿಡಿದುಕೊಳ್ಳುತ್ತದೆ. 1969ರ ಹೊಸ ಪೂಜಾಕ್ರಮದಲ್ಲಿ ಕೀರ್ತನೆಯನ್ನು ಒಬ್ಬರು ಹಾಡಿ ಸಭೆ ಮರುನುಡಿ ಹೇಳಬೇಕೆಂದಿದೆ. ನಮ್ಮಲ್ಲಿ ಆ ಹಿಡಿತದ ಜಾಗ ಯಾವಾಗಲೂ ಹಳ್ಳ ಬೀಳುತ್ತಿತ್ತು: ಹಾಡುವವರು ನಿಲ್ಲುವುದು, ಸಭೆ ಕೆಮ್ಮುವುದು, ಪೇಟಿ ಸ್ವರ ಕೊಡುವುದು, ಆಮೇಲೆ ಶುರು. ರಿವಾಯತದವರ ಹಿಡಿತ ನೋಡಿ ಬಂದ ಮೇಲೆ ನಾನು ಮರುನುಡಿಯ ಮೊದಲ ಸ್ವರವನ್ನು ನುಡಿಯ ಕೊನೆಯ ಸ್ವರದಲ್ಲೇ ಇಟ್ಟೆ. ಹಳ್ಳ ಮುಚ್ಚಿತು.

1988ರ ಪಾಸ್ಖ ಜಾಗರಣೆಯ ರಾತ್ರಿ ವಿಜಾಪುರದಲ್ಲಿ, ದೀಪವಾರಿಸಿ ಹೊಸ ಬೆಂಕಿಯಿಂದ ಪಾಸ್ಖ ಬತ್ತಿ ಹಚ್ಚಿದ ಮೇಲೆ, ಒಂದು ಕೀರ್ತನೆಯನ್ನು ಪೇಟಿಯಿಲ್ಲದೆ ತಬಲಾವಿಲ್ಲದೆ ಬೀಸುಕಲ್ಲಿನ ಇಳಿತದಲ್ಲಿ ಹಾಡಿದೆ. ಎರಡನೆಯ ನುಡಿಗೆ ಸಭೆ ಮರುನುಡಿ ಹಿಡಿಯಿತು. ಕಲಿಸಿದವರು ಯಾರೂ ಇರಲಿಲ್ಲ, ಪುಸ್ತಕ ತೆರೆದವರೂ ಇರಲಿಲ್ಲ. ಅವ್ವ ಮೂರನೆಯ ಬೆಂಚಿನಲ್ಲಿದ್ದಳು. ಕತ್ತಲಲ್ಲಿ ಅವಳ ಬತ್ತಿಯ ಬೆಳಕು ಮಾತ್ರ ಕಾಣುತ್ತಿತ್ತು. ಹೊರಗೆ ಬಂದಾಗ ಅಂದಳು: "ಬೀಸಾಕ ಬರತೈತಿ ಇದು."

ಈಗ ನನಗೆ ಕೀಬೋರ್ಡಿನ ಮೇಲೆ ಸಿಟ್ಟಿಲ್ಲ. ಮದುವೆ, ಹಬ್ಬ, ಕ್ರಿಸ್ತಜಯಂತಿಗೆ ಅದು ಇರಲಿ. ಆದರೆ ಮಾತು ಮುಂದೆ, ಸ್ವರ ಹಿಂದೆ ನಡೆಯಬೇಕಾದ ಹೊತ್ತುಗಳಿವೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ನಾವು ಶಿಕ್ಷಕಿಯರು ಗುಂಪಾಗಿ ಹೋಗುತ್ತಿದ್ದೆವು. ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು ಅವರು. ಸಾವಿರಾರು ಜನ ಕೂತ ಅಂಗಳದಲ್ಲಿ ದನಿ ಏರಿಸದೆ ಒಂದು ವಾಕ್ಯ ಹೇಳಿ, ಅದು ಹೋಗಿ ಮುಟ್ಟುವವರೆಗೆ ಸುಮ್ಮನೆ ಇರುತ್ತಿದ್ದರು. ಆ ಮೌನದಲ್ಲಿ ಪ್ರತಿ ಸಲವೂ ನನ್ನ ಹೆಗಲ ಮೇಲೆ ಮೇಸ್ತ್ರಿ ಅಜ್ಜಾರ ಕೈ ಬಂದು ಕೂಡುತ್ತಿತ್ತು.

ತಪಸ್ಸು ಕಾಲದ ಶುಕ್ರವಾರಗಳಂದು ನಾನು ಈಗಲೂ ಬಸ್ಸು ಹಿಡಿದು ತಿಕೋಟಾಕ್ಕೆ ಹೋಗುತ್ತೇನೆ. ನೌಕರಿಗೆಂದು ಬಂದಿರುವ ನಾಲ್ಕೈದು ಕುಟುಂಬಗಳು ಒಂದು ಮನೆಯಲ್ಲಿ ಕೂಡಿ ಶಿಲುಬೆಯ ಹಾದಿ ಮಾಡುತ್ತಾರೆ. ಅದು ದ್ರಾಕ್ಷಿಯ ಕಾಲ. ಊರ ಸುತ್ತ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಂತಹಂತವಾಗಿ ಬಲೆ ಕಟ್ಟಿ ಹಣ್ಣು ಹರವಿರುತ್ತಾರೆ, ಗಾಳಿಯೇ ಸಿಹಿಯಾಗಿರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಮೂವರು ಹುಡುಗಿಯರಿಗೆ ಕೀರ್ತನೆ ಕಲಿಸುತ್ತೇನೆ. ಶುರು ಮಾಡುವುದು ಅದೇ ಸಂತೆಯ ವಾಕ್ಯದಿಂದ. ಹೋದ ಸಲ ಸಣ್ಣಾಕಿ ಕೇಳಿದಳು, "ಟೀಚರ್, ಇದಕ್ಕ ಕೀಬೋರ್ಡ್ ಬ್ಯಾಡೇನ್ರಿ?" ಬೇಡವೆಂದು, ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟ ಆ ಚುರಮರಿ ಕಾಗದ ತೆಗೆದೆ. ಐವತ್ತು ವರ್ಷದ ಎಣ್ಣೆಯ ಕಲೆ ಕಂದಾಗಿದೆ, ಚೌಕಗಳು ಮಾತ್ರ ಕಪ್ಪಗೇ ಇವೆ. ಹುಡುಗಿಯರು ಬಗ್ಗಿ ನೋಡಿದರು. ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು, ಒಂದೊಂದೇ ಚೌಕ ಹಾಡುತ್ತ ಹೋದೆ. ಮೂವರೂ ಹಿಂದಿನಿಂದ ಹಿಡಿದುಕೊಂಡರು. ಕಾಗದ ಹರಿದಲ್ಲಿ ನಾನು ನಿಲ್ಲಿಸಿದೆ.

ಸಣ್ಣಾಕಿ ಮುಂದಿನ ಸ್ವರಕ್ಕೆ ಬಾಯಿ ತೆರೆದಿದ್ದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ.